ಇಬ್ಭಾಗವಾದ ಲಯ: ನಿರಂತರ ಬೆಳಕಿನಲ್ಲಿಟ್ಟ ಹ್ಯಾಮ್‌ಸ್ಟರ್‌ನ ಪ್ರಕರಣ

ಪಂಜರದೊಳಗೆ ಓಟದ ಚಕ್ರವೊಂದನ್ನು ಇಟ್ಟರೆ ಸಿರಿಯನ್ ಹ್ಯಾಮ್‌ಸ್ಟರ್ ಪ್ರತಿ ರಾತ್ರಿಯೂ ಅದರಲ್ಲಿ ಓಡುತ್ತದೆ. ದೀಪ ಆರಿದ ಸ್ವಲ್ಪ ಹೊತ್ತಿಗೆ ಓಟ ಆರಂಭವಾಗಿ, ಗಂಟೆಗಟ್ಟಲೆ ನಡೆದು, ಬೆಳಗಾಗುವ ಮೊದಲೇ ಕುಂದುತ್ತದೆ. ದೀಪವನ್ನೇ ಹಚ್ಚದೆ ವಾರಗಟ್ಟಲೆ ಪೂರ್ತಿ ಕತ್ತಲೆಯಲ್ಲಿಟ್ಟರೂ ಈ ಕ್ರಮ ತಪ್ಪುವುದಿಲ್ಲ. ಓಟ ಆರಂಭವಾಗುವ ಹೊತ್ತು ದಿನದಿಂದ ದಿನಕ್ಕೆ ಕೆಲವೇ ನಿಮಿಷಗಳಷ್ಟು ಅತ್ತಿತ್ತ ಆಗಬಹುದು, ಅಷ್ಟೆ. ಹೊರಗಿನ ಸುಳಿವಿಲ್ಲದೆ ನಡೆಯುವ ಗಡಿಯಾರವೊಂದು ಪ್ರಾಣಿಯ ಒಳಗೇ ಇದೆ ಎನ್ನುವುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಸಿಗುವುದು ಕಷ್ಟ. ಈ ಅಧ್ಯಯನ ಎತ್ತಿಕೊಂಡಿರುವುದು ಆ ಕ್ರಮ ಕೆಟ್ಟಂತೆ ಕಾಣುವ ಒಂದು ಸ್ಥಿತಿಯನ್ನು. ಅದೇ ಪ್ರಾಣಿಯನ್ನು ಕತ್ತಲೆಯ ಬದಲು ಹಗಲು ರಾತ್ರಿ ಆರದ ಬೆಳಕಿನಲ್ಲಿ ಇರಿಸಿದರೆ, ಕೆಲವು ವಾರಗಳು ಅಥವಾ ತಿಂಗಳುಗಳು ಕಳೆದ ಮೇಲೆ, ಬಹಳಷ್ಟು ಹ್ಯಾಮ್‌ಸ್ಟರ್‌ಗಳಲ್ಲಿ ದಿನಕ್ಕೊಂದು ಬಾರಿಯ ಓಟ ಎರಡು ಕಂತುಗಳಾಗಿ ಒಡೆಯುತ್ತದೆ ಮತ್ತು ಆ ಕಂತುಗಳ ನಡುವೆ ಸುಮಾರು 12 ಗಂಟೆಗಳ ಅಂತರ ನೆಲೆಗೊಳ್ಳುತ್ತದೆ. ಜೈವಿಕ ಗಡಿಯಾರಗಳನ್ನು ಅಭ್ಯಾಸ ಮಾಡುವವರು ಇದನ್ನು ಸ್ಪ್ಲಿಟಿಂಗ್ ಎನ್ನುತ್ತಾರೆ. ಇಲ್ಲಿ ಇಬ್ಭಾಗ ಎಂದು ಕರೆಯೋಣ.

ಪರಸ್ಪರ ಜೋಡಿಸಲ್ಪಟ್ಟ ನರಕೋಶಗಳು ಒಂದೇ ಲಯದಲ್ಲಿ ಸಾಗುವುದು ಹೇಗೆ ಎಂಬ ಪ್ರಶ್ನೆಗೆ ಅಪಸ್ಮಾರ, ಪಾರ್ಕಿನ್ಸನ್ ಕಾಯಿಲೆ, ಉಸಿರಾಟದ ಲಯ ಹೀಗೆ ಹಲವು ಉದಾಹರಣೆಗಳಿವೆ. ಆದರೂ ಈ ಸಣ್ಣ ಪ್ರಾಣಿಯ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಜಾಲ ಚಿಕ್ಕದು, ಅದರ ನೆಲೆ ಖಚಿತವಾಗಿ ಗೊತ್ತು, ಲಯ ತೀರಾ ನಿಧಾನವಾದದ್ದರಿಂದ ಒಂದೊಂದು ಆವರ್ತವನ್ನೂ ಬಿಡಿಯಾಗಿ ನೋಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಏಕಲಯ ಇಲ್ಲವಾದ ಕಡೆಯಲ್ಲೆಲ್ಲ ಜೋಡಣೆ ಕಡಿದುಹೋಗಿದೆ ಎಂದು ತೀರ್ಮಾನಿಸುವ ನಮ್ಮ ರೂಢಿ ಎಷ್ಟು ಅವಸರದ್ದು ಎಂಬುದನ್ನು ಈ ಪ್ರಕರಣ ಚೆನ್ನಾಗಿ ತೋರಿಸುತ್ತದೆ.

ಪ್ರಾಣಿಯ ಕುರಿತೂ ಒಂದು ಮಾತು ಹೇಳಬೇಕು. ಪ್ರಯೋಗಾಲಯಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳ ಮೂಲ 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರ ತಂಡ ಅಲೆಪ್ಪೊ ಬಳಿ ನೆಲ ಅಗೆಸಿ ಹೊರತೆಗೆದ ಒಂದು ತಾಯಿ ಮತ್ತು ಅದರ ಮರಿಗಳಲ್ಲಿದೆ. ಇಷ್ಟು ಹತ್ತಿರದ ಸಂಬಂಧಿಗಳಾಗಿದ್ದೂ, ಒಂದೇ ಕೋಣೆಯ ಒಂದೇ ಬೆಳಕಿನಲ್ಲಿದ್ದೂ, ಕೆಲವು ಬೇಗ ಇಬ್ಭಾಗವಾಗುತ್ತವೆ, ಕೆಲವು ತಡವಾಗಿ, ಇನ್ನು ಕೆಲವು ಆಗುವುದೇ ಇಲ್ಲ. ಈ ಅನಿಶ್ಚಿತತೆಗೂ ಒಂದು ಅರ್ಥವಿದೆ ಎಂಬುದು ಮುಂದೆ ಲೆಕ್ಕದ ಭಾಗದಲ್ಲಿ ಕಾಣುತ್ತದೆ.

ದಾಖಲೆಯಲ್ಲಿ ಕಾಣುವುದು

ಹಿಂದೆ ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಸಣ್ಣದೊಂದು ಸ್ವಿಚ್ ಒತ್ತಿಕೊಂಡು, ನಿಧಾನವಾಗಿ ಸರಿಯುವ ಕಾಗದದ ಮೇಲೆ ಪೆನ್ನು ಒಂದು ಗೀಟು ಎಳೆಯುತ್ತಿತ್ತು. ಆ ಕಾಗದದ ಸುರುಳಿಯನ್ನು 24 ಗಂಟೆಗೊಂದರಂತೆ ಪಟ್ಟಿಗಳಾಗಿ ಕತ್ತರಿಸಿ, ಒಂದು ದಿನದ ಕೆಳಗೆ ಮರುದಿನದ ಪಟ್ಟಿಯನ್ನು ಅಂಟಿಸುತ್ತ ಹೋದರೆ ಆಕ್ಟೋಗ್ರಾಮ್ ಎಂಬ ಚಿತ್ರ ಸಿದ್ಧವಾಗುತ್ತದೆ. ಈಗ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಪ್ರಾಣಿಯ ಆವರ್ತದ ಅವಧಿ ಸರಿಯಾಗಿ 24 ಗಂಟೆ ಇದ್ದರೆ ಓಟದ ಕಪ್ಪು ಪಟ್ಟೆ ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿಯುತ್ತದೆ. ಅವಧಿ ಅದಕ್ಕಿಂತ ಹೆಚ್ಚಿದ್ದರೆ ಓಟ ದಿನವೂ ಸ್ವಲ್ಪ ತಡವಾಗಿ ಆರಂಭವಾಗುವುದರಿಂದ ಪಟ್ಟೆ ಬಲಕ್ಕೆ ವಾಲುತ್ತದೆ. ನಿಶಾಚರ ಪ್ರಾಣಿಗಳನ್ನು ಸತತ ಬೆಳಕಿನಲ್ಲಿಟ್ಟರೆ ಅವಧಿ ಹಿಗ್ಗುತ್ತದೆ ಎಂಬುದು ಜರ್ಮನಿಯ ಯುರ್ಗೆನ್ ಆಶೋಫ್ ಅವರ ಹೆಸರಿನಲ್ಲಿರುವ ನಿಯಮ. ಹಾಗಾಗಿ ಪ್ರಯೋಗದ ಮೊದಲ ವಾರಗಳಲ್ಲಿ ಹ್ಯಾಮ್‌ಸ್ಟರ್‌ನ ಪಟ್ಟೆ ಬಲಕ್ಕೆ ವಾಲಿಕೊಂಡೇ ಇಳಿಯುತ್ತಿರುತ್ತದೆ.

ಆಮೇಲೆ ಒಂದು ದಿನ ಪಟ್ಟೆಯ ಅಂಚು ಕದಡುತ್ತದೆ. ಓಟದ ಒಂದು ಭಾಗ ಉಳಿದದ್ದರಿಂದ ಕಳಚಿಕೊಂಡು ಬೇರೆ ವೇಗದಲ್ಲಿ ಸರಿಯತೊಡಗುತ್ತದೆ; ಪ್ರಾಣಿ ಮಲಗಬೇಕಾದ ಹೊತ್ತಿನೊಳಗೆ ಅದು ದಿನವೂ ಇನ್ನಷ್ಟು ಮುಂದೆ ಸಾಗುತ್ತದೆ; ಎರಡರ ನಡುವಿನ ಅಂತರ ಅರ್ಧ ಆವರ್ತದಷ್ಟಾದಾಗ ಆ ಸರಿದಾಟ ನಿಲ್ಲುತ್ತದೆ. ಅಲ್ಲಿಂದ ಮುಂದೆ ಎರಡೂ ಪಟ್ಟೆಗಳು ಒಂದಕ್ಕೊಂದು ಸಮಾನಾಂತರವಾಗಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಯುತ್ತವೆ.

ಆಕ್ಟೋಗ್ರಾಮ್‌ನ ಈ ತಿರುವಿನ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಬೇಕು, ಏಕೆಂದರೆ ಇಡೀ ಪ್ರಕರಣದ ಮುಖ್ಯ ಸುಳಿವು ಇರುವುದು ಇಲ್ಲಿಯೇ. ಎರಡು ಆಂದೋಲಕಗಳ, ಅಂದರೆ ತಮ್ಮಷ್ಟಕ್ಕೆ ತಾವೇ ಲಯದಲ್ಲಿ ಸುತ್ತುವ ಎರಡು ಗಡಿಯಾರಗಳ, ನಡುವಿನ ನಂಟು ನಿಜಕ್ಕೂ ಕಡಿದುಹೋಗಿದ್ದರೆ ಬೇರೆ ಬೇರೆ ವೇಗದ ಎರಡು ಪಟ್ಟೆಗಳು ಎಲ್ಲಿಯೂ ನಿಲ್ಲದೆ ಒಂದನ್ನೊಂದು ದಾಟಿ, ಸುತ್ತಿ ಬಂದು, ಮತ್ತೆ ದಾಟಬೇಕಿತ್ತು. ಅವು ದಾಟುವುದಿಲ್ಲ. ಬೇರ್ಪಡುವಾಗ ಎರಡಕ್ಕೂ ಬೇರೆ ಬೇರೆ ವೇಗವಿತ್ತು, ನೆಲೆಗೊಂಡ ಮೇಲೆ ಒಂದೇ ವೇಗ; ಮೊದಲಿಗೆ ಅಂತರ ಬದಲಾಗುತ್ತಿತ್ತು, ಕೊನೆಗೆ ಅದು ಸ್ಥಿರವಾಯಿತು. ಇಬ್ಭಾಗವಾದ ಮೇಲೆಯೂ ಎರಡು ಭಾಗಗಳು ಒಂದರ ಮೇಲೊಂದು ಪ್ರಭಾವ ಬೀರುತ್ತಿವೆ ಎಂಬುದು ಇದರಿಂದಲೇ ಸಿದ್ಧವಾಗುತ್ತದೆ. ದೀಪ ಆರಿಸಿ ಪ್ರಾಣಿಯನ್ನು ಕತ್ತಲೆಗೆ ಹಾಕಿದರೆ ಕೆಲವೇ ದಿನಗಳಲ್ಲಿ ಎರಡು ಪಟ್ಟೆಗಳು ಮತ್ತೆ ಕೂಡಿ ಒಂದಾಗುತ್ತವೆ ಎಂಬುದನ್ನೂ ಸೇರಿಸಿಕೊಂಡರೆ, ಶಾಶ್ವತ ಹಾನಿಯ ಮಾತು ಅಲ್ಲಿಗೆ ಮುಗಿಯುತ್ತದೆ.

ಜೈವಿಕ ಗಡಿಯಾರಗಳ ಸಂಶೋಧಕ ಕಾಲಿನ್ ಪಿಟೆಂಡ್ರಿ 1960ರಲ್ಲಿಯೇ ಆರ್ಕ್ಟಿಕ್ ಪ್ರದೇಶದ ನೆಲ ಅಳಿಲಿನಲ್ಲಿ ಇಂಥದ್ದನ್ನು ವರದಿ ಮಾಡಿದ್ದರು. 1976ರಲ್ಲಿ ಅವರೂ ನೆದರ್ಲೆಂಡ್ಸ್‌ನ ಸರ್ಜ್ ಡಾನ್ ಅವರೂ ಸೇರಿ ಪ್ರಕಟಿಸಿದ ಐದು ಪ್ರಬಂಧಗಳ ಸರಣಿಯಲ್ಲಿ ಹ್ಯಾಮ್‌ಸ್ಟರ್‌ನ ಇಬ್ಭಾಗ ಪ್ರಮುಖ ಸಾಕ್ಷ್ಯವಾಯಿತು. ದೈನಂದಿನ ಲಯವನ್ನು ನಡೆಸುವುದು ಒಂದು ಆಂದೋಲಕವಲ್ಲ, ಒಂದು ಸಂಜೆಗೂ ಇನ್ನೊಂದು ಬೆಳಗಿಗೂ ಅಂಟಿಕೊಂಡಿರುವ ಎರಡು ಜೋಡಿತ ಆಂದೋಲಕಗಳು ಎಂಬ ಪ್ರತಿಪಾದನೆ ಅಲ್ಲಿ ಬಂದಿತು. ಪ್ರಾಣಿಯ ವರ್ತನೆಯನ್ನಷ್ಟೇ ನೋಡಿ, ಮಿದುಳನ್ನು ಮುಟ್ಟದೆ ಕಟ್ಟಿದ ವಾದ ಅದು. ಅದರ ಬಹುಭಾಗ ಇಂದಿಗೂ ನಿಂತಿದೆ ಎಂಬುದು ನನಗೆ ಈಗಲೂ ಬೆರಗಿನ ವಿಷಯ.

ಗಡಿಯಾರದ ನೆಲೆ

1972ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ, ಇಲಿಗಳ ಮಿದುಳಿನ ತಳದ ಹೈಪೊಥಲಾಮಸ್‌ನಲ್ಲಿರುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವನ್ನು ನಾಶಪಡಿಸಿದರೆ ದೈನಂದಿನ ಲಯಗಳು ಇಲ್ಲವಾಗುತ್ತವೆ ಎಂದು ತೋರಿಸಿದವು. ಉದ್ದನೆಯ ಈ ಹೆಸರನ್ನು ಎಸ್‌ಸಿಎನ್ ಎಂದು ಚಿಕ್ಕದು ಮಾಡುವುದು ವಾಡಿಕೆ. ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಸರಿಯಾಗಿ ಮೇಲೆ, ಮಧ್ಯರೇಖೆಯ ಎಡಕ್ಕೊಂದು ಬಲಕ್ಕೊಂದರಂತೆ ಇದು ಜೋಡಿಯಾಗಿದೆ. ಇಲಿ ಹೆಗ್ಗಣದಂಥ ದಂಶಕಗಳಲ್ಲಿ ಒಂದೊಂದು ಬದಿಯಲ್ಲಿ ಸುಮಾರು 10,000 ನರಕೋಶಗಳಿರುತ್ತವೆ. 1990ರಲ್ಲಿ ಮಾರ್ಟಿನ್ ರಾಲ್ಫ್, ಮೈಕೆಲ್ ಮೆನೇಕರ್ ಮತ್ತು ಸಂಗಡಿಗರು ಉಳಿದ ಅನುಮಾನವನ್ನೂ ನಿವಾರಿಸಿದರು. ಅವರ ಬಳಿ ಟೌ ಎಂಬ ಜೀನ್ ಮಾರ್ಪಾಟಿನಿಂದಾಗಿ ಸುಮಾರು 20 ಗಂಟೆಗಳ ಅವಧಿಯಲ್ಲಿ ಓಡುವ ಹ್ಯಾಮ್‌ಸ್ಟರ್‌ಗಳಿದ್ದವು. ಎಸ್‌ಸಿಎನ್ ತೆಗೆದು ಲಯ ಕಳೆದುಕೊಂಡ ಪ್ರಾಣಿಗೆ ಇನ್ನೊಂದರ ಎಸ್‌ಸಿಎನ್ ಅಂಗಾಂಶವನ್ನು ಕಸಿ ಮಾಡಿದಾಗ ಲಯ ಮರಳಿತು, ಮತ್ತು ಮರಳಿದ ಲಯದ ಅವಧಿ ಕೊಟ್ಟ ಪ್ರಾಣಿಯದಾಗಿತ್ತೇ ಹೊರತು ಪಡೆದ ಪ್ರಾಣಿಯದಾಗಿರಲಿಲ್ಲ.

ಇನ್ನೊಂದು ಹೆಜ್ಜೆ ಒಳಗೆ ಹೋದರೆ, ಒಂದೊಂದು ನರಕೋಶವೂ ಸ್ವತಃ ಗಡಿಯಾರವೇ. ಪೀರಿಯಡ್ ಗುಂಪಿನ ಜೀನ್‌ಗಳು ಪ್ರೋಟೀನ್ ಮಾಡಿಸುತ್ತವೆ, ಆ ಪ್ರೋಟೀನ್ ಹೆಚ್ಚಾದಾಗ ತನ್ನದೇ ಜೀನ್‌ಗಳ ಕೆಲಸವನ್ನು ತಡೆಯುತ್ತದೆ, ಪ್ರೋಟೀನ್ ಸವೆದ ಮೇಲೆ ತಡೆ ಸಡಿಲಗೊಂಡು ಸುತ್ತು ಮತ್ತೆ ಆರಂಭವಾಗುತ್ತದೆ. ಈ ಸುತ್ತಿಗೆ ಸುಮಾರು ಒಂದು ದಿನ ಬೇಕು. 1995ರಲ್ಲಿ ಡೇವಿಡ್ ವೆಲ್ಷ್ ಮತ್ತು ಸಹೋದ್ಯೋಗಿಗಳು ಇಲಿಯ ಎಸ್‌ಸಿಎನ್ ಕೋಶಗಳನ್ನು ಬಿಡಿಬಿಡಿಯಾಗಿ ವಿದ್ಯುದಗ್ರಗಳ ತಟ್ಟೆಯ ಮೇಲೆ ಬೆಳೆಸಿದಾಗ, ಒಂದೇ ತಟ್ಟೆಯಲ್ಲಿದ್ದ ಕೋಶಗಳು ಬೇರೆ ಬೇರೆ ಹೊತ್ತಿಗೆ ಉತ್ತುಂಗ ಮುಟ್ಟುತ್ತ, ಬೇರೆ ಬೇರೆ ಅವಧಿಯಲ್ಲಿ ನಡೆಯುತ್ತಿದ್ದವು. ಪೂರ್ಣ ಎಸ್‌ಸಿಎನ್‌ನಲ್ಲಿ ಹೀಗಾಗುವುದಿಲ್ಲ. 2003ರಲ್ಲಿ ಜಪಾನಿನ ಹಿತೋಶಿ ಒಕಮುರ ಅವರ ತಂಡ ಎಸ್‌ಸಿಎನ್‌ನ ತೆಳುವಾದ ಹೋಳಿಗೆ ಟೆಟ್ರೋಡೊಟಾಕ್ಸಿನ್ ಎಂಬ ಮೀನಿನ ವಿಷವನ್ನು ಹಾಕಿ ನರಕೋಶಗಳ ವಿದ್ಯುತ್ ಸಂಕೇತಗಳನ್ನು ತಡೆಯಿತು. ಕೋಶಗಳು ನಿಧಾನವಾಗಿ ಒಂದರಿಂದೊಂದು ಜಾರಿಹೋದವು, ವಿಷವನ್ನು ತೊಳೆದ ಮೇಲೆ ಮತ್ತೆ ತಮ್ಮ ಹಳೆಯ ಕ್ರಮಕ್ಕೆ ಕೂಡಿಕೊಂಡವು. ಈ ಜೋಡಣೆಯ ಮುಖ್ಯ ವಾಹಕ ವಿಐಪಿ ಎಂಬ ಪೆಪ್ಟೈಡ್ ಎಂಬುದನ್ನು 2005ರಲ್ಲಿ ಸಾರಾ ಏಟನ್, ಎರಿಕ್ ಹರ್ಜಾಗ್ ಮತ್ತು ಸಹೋದ್ಯೋಗಿಗಳು ಸ್ಪಷ್ಟಪಡಿಸಿದರು. ಅದರೊಡನೆ ಗ್ಯಾಬಾ ಎಂಬ ನರವಾಹಕವೂ ಕೆಲಸ ಮಾಡುತ್ತದೆ; ಆದರೆ ಅದು ಕೋಶಗಳನ್ನು ಕೂಡಿಸುತ್ತದೆಯೋ ದೂಡುತ್ತದೆಯೋ ಎಂಬುದು ಅವುಗಳ ನಡುವೆ ಆ ಕ್ಷಣದಲ್ಲಿರುವ ಅಂತರವನ್ನು ಅವಲಂಬಿಸಿದೆ ಎಂದು 2013ರಲ್ಲಿ ಜೆನಿಫರ್ ಇವಾನ್ಸ್ ಮತ್ತು ಸಂಗಡಿಗರು ತೋರಿಸಿದರು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಬೇಕು, ಲೆಕ್ಕಕ್ಕೆ ಬಂದಾಗ ಬೇಕಾಗುತ್ತದೆ.

ಎಡ ಮತ್ತು ಬಲ

ಇಬ್ಭಾಗವಾದ ಪ್ರಾಣಿಯ ಎಸ್‌ಸಿಎನ್‌ನಲ್ಲಿ ಏನಾಗಿರಬಹುದು ಎಂಬುದಕ್ಕೆ ಮೂರು ಉತ್ತರಗಳು ಸಾಧ್ಯವಿದ್ದವು. ಎಲ್ಲ ಕೋಶಗಳೂ ಒಟ್ಟಾಗಿಯೇ ಇದ್ದು, ಅವುಗಳ ಅವಧಿಯೇ 12 ಗಂಟೆಗೆ ಇಳಿದಿರಬಹುದು. ಅಥವಾ ಪ್ರತಿ ಬದಿಯಲ್ಲಿಯೂ ಎರಡು ಬಗೆಯ ಕೋಶಗಳು ಬೆರೆತುಕೊಂಡಿದ್ದು, ಒಂದು ಬಗೆಯವು ಒಂದು ಕಂತನ್ನೂ ಇನ್ನೊಂದು ಬಗೆಯವು ಎರಡನೆಯದನ್ನೂ ನಡೆಸುತ್ತಿರಬಹುದು. ಅಥವಾ ಎಡಭಾಗದ್ದು ಒಂದು, ಬಲಭಾಗದ್ದು ಇನ್ನೊಂದು ಆಗಿರಬಹುದು.

1982ರಲ್ಲಿ ಗ್ಯಾರಿ ಪಿಕಾರ್ಡ್ ಮತ್ತು ಫ್ರೆಡ್ ಟ್ಯುರೆಕ್ ಇಬ್ಭಾಗವಾದ ಹ್ಯಾಮ್‌ಸ್ಟರ್‌ಗಳ ಒಂದು ಬದಿಯ ಎಸ್‌ಸಿಎನ್ ಅನ್ನು ಮಾತ್ರ ನಾಶಪಡಿಸಿದರು. ಎರಡು ಪಟ್ಟೆಗಳ ಜಾಗದಲ್ಲಿ ಒಂದೇ ಉಳಿಯಿತು. ಇದು ಮೂರನೆಯ ಉತ್ತರದ ಕಡೆಗೆ ಬಲವಾದ ಸೂಚನೆ. ಆದರೂ ನಿರ್ಣಾಯಕ ಎನ್ನುವಂತಿರಲಿಲ್ಲ, ಏಕೆಂದರೆ ಜಾಲದ ಅರ್ಧ ಕೋಶಗಳನ್ನೇ ತೆಗೆದುಹಾಕಿದಾಗ ಇಬ್ಭಾಗ ನಿಲ್ಲುವುದು ಯಾವ ಅರ್ಧ ಎನ್ನುವುದರಿಂದಲೋ, ಬರಿಯ ಸಂಖ್ಯೆ ಕಡಿಮೆಯಾದದ್ದರಿಂದಲೋ ಎಂದು ಬೇರ್ಪಡಿಸಿ ಹೇಳಲಾಗದು. ಕೆಡವಿ ನೋಡುವ ಪ್ರಯೋಗಗಳಿಗೆ ಈ ಮಿತಿ ಯಾವಾಗಲೂ ಇದ್ದದ್ದೇ.

ನಿರ್ಣಾಯಕವಾದ ಸಾಕ್ಷ್ಯ ಬಂದದ್ದು 2000ದಲ್ಲಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಒರಾಸಿಯೊ ಡೆ ಲಾ ಇಗ್ಲೇಸಿಯ, ವಿಲಿಯಂ ಶ್ವಾರ್ಟ್ಜ್ ಮತ್ತು ಸಹೋದ್ಯೋಗಿಗಳಿಂದ. ಅವರು ಇಬ್ಭಾಗವಾದ ಪ್ರಾಣಿಯ ಮಿದುಳನ್ನು ಅದರ ಓಟದ ದಾಖಲೆಯಲ್ಲಿ ಗುರುತಿಸಿದ ನಿಗದಿತ ಹೊತ್ತಿನಲ್ಲಿ ತೆಗೆದು, ಅಡ್ಡಲಾಗಿ ತೆಳುವಾದ ಸೀಳುಗಳನ್ನು ಮಾಡಿ, ಗಡಿಯಾರದ ಜೀನ್‌ಗಳ ಎಂಆರ್‌ಎನ್‌ಎ (ಜೀನ್ ಕೆಲಸದಲ್ಲಿದ್ದಾಗ ತಯಾರಾಗುವ ಅದರ ನಕಲು) ಎಲ್ಲಿ ಎಷ್ಟಿದೆ ಎಂದು ವಿಕಿರಣ ಗುರುತಿನ ಸಹಾಯದಿಂದ ನೋಡಿದರು. ಸಾಮಾನ್ಯ ಪ್ರಾಣಿಯ ಸೀಳಿನಲ್ಲಿ ಮಧ್ಯರೇಖೆಯ ಎರಡೂ ಬದಿಗೆ ಒಂದೇ ತೆರನಾದ ಎರಡು ಕಪ್ಪು ಚುಕ್ಕೆಗಳು ಕಾಣುತ್ತವೆ, ಅಥವಾ ಹೊತ್ತು ಬೇರೆಯಾಗಿದ್ದರೆ ಎರಡೂ ಮಸುಕಾಗಿರುತ್ತವೆ. ಇಬ್ಭಾಗವಾದ ಪ್ರಾಣಿಯಲ್ಲಿ ಒಂದು ಬದಿಯ ಚುಕ್ಕೆ ಗಾಢವಾಗಿತ್ತು, ಇನ್ನೊಂದು ಬದಿ ಹೆಚ್ಚುಕಡಿಮೆ ಖಾಲಿಯಾಗಿತ್ತು. ಪೀರಿಯಡ್ ಜೀನ್‌ಗಳು ಹೆಚ್ಚಾಗಿದ್ದ ಬದಿಯಲ್ಲಿ, ಅವುಗಳಿಗೆ ವಿರುದ್ಧ ಹೊತ್ತಿನಲ್ಲಿ ಏರುವ ಬಿಮಾಲ್1 ಜೀನ್ ಕಡಿಮೆಯಿತ್ತು. ಎದುರು ಬದಿಯಲ್ಲಿ ಇದಕ್ಕೆ ತದ್ವಿರುದ್ಧ. ಒಂದೇ ಮಿದುಳಿನಲ್ಲಿ, ಅರ್ಧ ಮಿಲಿಮೀಟರಿನ ಆಚೀಚೆಯ ಅಂತರದಲ್ಲಿ, ಒಂದು ಬದಿಗೆ ಹಗಲು ಮತ್ತು ಇನ್ನೊಂದು ಬದಿಗೆ ರಾತ್ರಿ.

ಮೊದಲ ಎರಡು ಉತ್ತರಗಳು ಇದರಿಂದ ಬಿದ್ದುಹೋದವು. ಅವಧಿ 12 ಗಂಟೆಗೆ ಇಳಿದಿದ್ದರೂ, ಎರಡು ಬಗೆಯ ಕೋಶಗಳು ಸಮವಾಗಿ ಬೆರೆತಿದ್ದರೂ ಎಡ ಬಲಗಳ ನಡುವೆ ವ್ಯತ್ಯಾಸ ಕಾಣುವಂತಿರಲಿಲ್ಲ.

ಇದೇ ತಂಡ 2003ರಲ್ಲಿ ಮಾಡಿದ ಮುಂದಿನ ಪ್ರಯೋಗ ನನ್ನ ದೃಷ್ಟಿಯಲ್ಲಿ ಇನ್ನೂ ಸೊಗಸಾದದ್ದು, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಹೆಣ್ಣು ಹ್ಯಾಮ್‌ಸ್ಟರ್‌ಗಳಲ್ಲಿ ಅಂಡ ಬಿಡುಗಡೆ ಮಾಡಿಸುವ ಲ್ಯೂಟಿನೈಸಿಂಗ್ ಹಾರ್ಮೋನಿನ ಏರಿಕೆ ದಿನದ ನಿಗದಿತ ಹೊತ್ತಿಗೆ ಆಗುತ್ತದೆ. ಇಬ್ಭಾಗವಾದ ಹೆಣ್ಣುಗಳಲ್ಲಿ ಅದೂ ದಿನಕ್ಕೆ ಎರಡು ಬಾರಿ, ಸುಮಾರು 12 ಗಂಟೆಗಳ ಅಂತರದಲ್ಲಿ ಆಗುತ್ತದೆ ಎಂದು 1985ರಲ್ಲಿಯೇ ಗೊತ್ತಾಗಿತ್ತು. ಈ ಏರಿಕೆಗೆ ಅಪ್ಪಣೆ ಕೊಡುವ ನರಕೋಶಗಳು ಮಿದುಳಿನ ಎರಡೂ ಬದಿಯಲ್ಲಿ ಹರಡಿಕೊಂಡಿವೆ. ಎಸ್‌ಸಿಎನ್ ಅವುಗಳಿಗೆ ಸುದ್ದಿ ಮುಟ್ಟಿಸುವುದು ರಸಾಯನವನ್ನು ಸುತ್ತಲಿನ ದ್ರವಕ್ಕೆ ಬಿಡುವುದರ ಮೂಲಕ ಎಂದಾದರೆ ಎರಡೂ ಬದಿಯ ಕೋಶಗಳು ಒಟ್ಟಿಗೆ ಎಚ್ಚರಗೊಳ್ಳಬೇಕು. ನರತಂತುಗಳ ಮೂಲಕ ಎಂದಾದರೆ ತನ್ನ ಬದಿಯವು ಮಾತ್ರ. ಇಬ್ಭಾಗವಾದ ಪ್ರಾಣಿಗಳಲ್ಲಿ ಎಚ್ಚರಗೊಂಡಿದ್ದು ಆ ಹೊತ್ತಿನಲ್ಲಿ ಪೀರಿಯಡ್ ಜೀನ್ ಏರಿದ್ದ ಎಸ್‌ಸಿಎನ್ ಇರುವ ಬದಿಯ ಕೋಶಗಳೇ. ಲಯ ಕೆಟ್ಟ ಪ್ರಾಣಿಯೇ ಇಲ್ಲಿ ಅಳತೆಯ ಉಪಕರಣವಾಯಿತು. ಎರಡು ಬದಿಗಳು ಒಟ್ಟಾಗಿ ನಡೆಯುವ ಆರೋಗ್ಯವಂತ ಪ್ರಾಣಿಯಲ್ಲಿ ಈ ಪ್ರಶ್ನೆಯನ್ನು ಕೇಳಲಿಕ್ಕೇ ದಾರಿಯಿರಲಿಲ್ಲ.

ಜೋಡಣೆಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಆವರ್ತದ ಯಾವ ಘಟ್ಟದಲ್ಲಿ ಆಂದೋಲಕವಿದೆ ಎಂಬುದನ್ನು ಹಂತ ಎನ್ನೋಣ; ಪೂರ್ಣ ಆವರ್ತ 360 ಡಿಗ್ರಿ ಆದರೆ 12 ಗಂಟೆ ಎಂದರೆ 180 ಡಿಗ್ರಿ. ಆರ್ಥರ್ ವಿನ್‌ಫ್ರೀ 1967ರಲ್ಲಿ ಆಂದೋಲಕಗಳ ದೊಡ್ಡ ಗುಂಪನ್ನು ಹಂತಗಳ ಭಾಷೆಯಲ್ಲಿಯೇ ವಿವರಿಸಬಹುದೆಂದು ತೋರಿಸಿದರು. ಜಪಾನಿನ ಯೋಶಿಕಿ ಕುರಾಮೊಟೊ 1975ರಲ್ಲಿ ಅದಕ್ಕೆ ಕೈಯಿಂದಲೇ ಬಿಡಿಸಬಹುದಾದ ಸರಳ ರೂಪ ಕೊಟ್ಟರು. ಅದರಲ್ಲಿ ಎರಡು ಆಂದೋಲಕಗಳ ನಡುವಿನ ಸೆಳೆತ ಅವುಗಳ ಹಂತಗಳ ವ್ಯತ್ಯಾಸದ ಸೈನ್ ಬೆಲೆಯನ್ನು ಅನುಸರಿಸುತ್ತದೆ. ಜೋಡಣೆ ಧನಾತ್ಮಕವಾಗಿದ್ದರೆ ವ್ಯತ್ಯಾಸ ಸೊನ್ನೆಯತ್ತ ಇಳಿಯುತ್ತದೆ, ಋಣಾತ್ಮಕವಾಗಿದ್ದರೆ 180 ಡಿಗ್ರಿಯತ್ತ ಹೋಗುತ್ತದೆ. ಒಂದು ಜೋಡಣೆಗೆ ಒಂದೇ ಸ್ಥಿರ ನೆಲೆ.

ಹ್ಯಾಮ್‌ಸ್ಟರ್‌ಗೆ ಇಷ್ಟು ಸಾಲದು. ಅದೇ ಬೆಳಕಿನಲ್ಲಿ ಒಂದು ಪ್ರಾಣಿ ಒಂದಾಗಿಯೇ ಉಳಿದಿರುವಾಗ ಇನ್ನೊಂದು ಇಬ್ಭಾಗವಾಗಿರುತ್ತದೆ, ಅಂದರೆ ಎರಡು ನೆಲೆಗಳೂ ಏಕಕಾಲಕ್ಕೆ ಲಭ್ಯವಿರಬೇಕು. ಅದಕ್ಕೆ ಸೆಳೆತದಲ್ಲಿ ಇನ್ನೊಂದು ಪದವನ್ನು, ವ್ಯತ್ಯಾಸದ ಎರಡು ಪಟ್ಟಿನ ಸೈನ್ ಬೆಲೆಯನ್ನು ಅನುಸರಿಸುವ ಪದವನ್ನು, ಸೇರಿಸಬೇಕಾಗುತ್ತದೆ. ಮೊದಲನೆಯ ಪದದ ಬಲವನ್ನು ಒಂದನೆಯ ಬಲ, ಹೊಸದರ ಬಲವನ್ನು ಎರಡನೆಯ ಬಲ ಎಂದರೆ ಫಲಿತಾಂಶ ಹೀಗೆ: ಒಂದನೆಯ ಬಲಕ್ಕೆ ಎರಡನೆಯ ಬಲದ ಇಮ್ಮಡಿಯನ್ನು ಕೂಡಿದಾಗ ಮೊತ್ತ ಸೊನ್ನೆಗಿಂತ ಹೆಚ್ಚಿದ್ದರೆ ಒಟ್ಟಾಗಿ ನಡೆಯುವ ನೆಲೆ ಸ್ಥಿರ, ಎರಡನೆಯ ಬಲದ ಇಮ್ಮಡಿ ಒಂದನೆಯ ಬಲವನ್ನು ಮೀರಿದರೆ ಎದುರುಬದುರಾಗಿ ನಡೆಯುವ ನೆಲೆ ಸ್ಥಿರ. ಉದಾಹರಣೆಗೆ, ಎರಡನೆಯ ಬಲ 0.2 ಎಂದು ಹಿಡಿಯೋಣ. ಒಂದನೆಯ ಬಲ 1 ಇದ್ದಾಗ ಒಟ್ಟಾದ ನೆಲೆ ಮಾತ್ರ ನಿಲ್ಲುತ್ತದೆ. ಅದು 0.2ಕ್ಕೆ ಇಳಿದಾಗ ಎರಡೂ ನೆಲೆಗಳು ನಿಲ್ಲುತ್ತವೆ. ಇನ್ನೂ ಇಳಿದು ಋಣ 0.5 ಆದಾಗ ಒಟ್ಟಾದ ನೆಲೆ ಕುಸಿದು ಎದುರುಬದುರಾದ ನೆಲೆ ಮಾತ್ರ ಉಳಿಯುತ್ತದೆ. ಕುಸಿತದ ಗಡಿ ಇಳಿಯುವಾಗ ಋಣ 0.4, ಮರಳಿ ಏರುವಾಗ ಎದುರುಬದುರಾದ ನೆಲೆ ಕೈಬಿಡುವುದು ಧನ 0.4ರಲ್ಲಿ, ಹೋದ ದಾರಿಯಲ್ಲಿಯೇ ಜಾಲ ಹಿಂದಿರುಗುವುದಿಲ್ಲ.

ನಿರಂತರ ಬೆಳಕು ಒಂದನೆಯ ಬಲವನ್ನು ತಗ್ಗಿಸುತ್ತದೆ, ಕತ್ತಲೆ ಅದನ್ನು ಮರಳಿ ಏರಿಸುತ್ತದೆ ಎಂದು ಇಟ್ಟುಕೊಳ್ಳೋಣ. ಇಲ್ಲಿನ ಅಂಕಿಗಳು ವಿವರಣೆಗೆಂದು ಆರಿಸಿಕೊಂಡವು, ಯಾವ ಪ್ರಾಣಿಯಿಂದಲೂ ಅಳೆದು ತಂದವಲ್ಲ. ಆದರೆ ದಾಖಲೆಯಲ್ಲಿ ಕಂಡ ಮೂರು ಸಂಗತಿಗಳು ಈ ಪುಟ್ಟ ಲೆಕ್ಕದಿಂದ ಒಟ್ಟಿಗೆ ಹೊರಬರುತ್ತವೆ ಎಂಬುದು ಮುಖ್ಯ. ಪಟ್ಟೆಗಳು ಒಂದನ್ನೊಂದು ದಾಟದೆ ಅರ್ಧ ಆವರ್ತದಲ್ಲಿ ನಿಲ್ಲುವುದು, ಅಲ್ಲೊಂದು ಸ್ಥಿರ ನೆಲೆ ಇರುವುದರಿಂದ. ಒಂದೇ ಬೆಳಕಿನಲ್ಲಿ ಒಂದು ಪ್ರಾಣಿ ಬೇಗ, ಇನ್ನೊಂದು ತಡವಾಗಿ ಇಬ್ಭಾಗವಾಗುವುದು, ಎರಡು ನೆಲೆಗಳೂ ನಿಲ್ಲುವ ವಲಯದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಕೋಶಗಳ ಆಕಸ್ಮಿಕ ಏರುಪೇರು ಆದ್ದರಿಂದ. ಕತ್ತಲೆಗೆ ಹಾಕಿದ ಕೂಡಲೇ ಕೆಲವೇ ದಿನಗಳಲ್ಲಿ ಕೂಡಿಕೊಳ್ಳುವುದು, ಒಂದನೆಯ ಬಲ ಗಡಿಯನ್ನು ಮೀರಿ ಏರಿದಾಗ ಎದುರುಬದುರಾದ ನೆಲೆಯೇ ಇಲ್ಲವಾಗುವುದರಿಂದ. ಗ್ಯಾಬಾ ಕುರಿತ 2013ರ ಮಾತು ಇಲ್ಲಿ ಹೊಂದಿಕೊಳ್ಳುತ್ತದೆ: ಅಂತರಕ್ಕೆ ತಕ್ಕಂತೆ ದಿಕ್ಕು ಬದಲಿಸುವ ಸೆಳೆತಕ್ಕೆ ಒಂದೇ ಸೈನ್ ಪದ ಸಾಲುವುದಿಲ್ಲ.

ಎದುರುಬದುರಾಗಿ ನಡೆಯುವುದು ಏಕಲಯದ ಅಭಾವ ಎಂದು ಭಾವಿಸುವವರಿಗೆ ಈ ವಿಷಯದ ಚರಿತ್ರೆಯೇ ಉತ್ತರ ಕೊಡುತ್ತದೆ. 1665ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಕಾಯಿಲೆಯಿಂದ ಮಲಗಿದ್ದಾಗ ಒಂದೇ ಆಧಾರಕ್ಕೆ ತೂಗುಹಾಕಿದ್ದ ಎರಡು ಲೋಲಕ ಗಡಿಯಾರಗಳು ತಾಳ ಕೂಡಿಸಿಕೊಳ್ಳುವುದನ್ನು ಗಮನಿಸಿದರು. ಆ ಲೋಲಕಗಳು ಒಂದೇ ದಿಕ್ಕಿಗೆ ತೂಗುತ್ತಿರಲಿಲ್ಲ. ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ ಹೋಗುತ್ತಿತ್ತು. ಸಮಲಯದ ಮೊತ್ತಮೊದಲ ವೈಜ್ಞಾನಿಕ ವರದಿಯೇ ಎದುರುಬದುರು ಸಮಲಯದ ವರದಿ.

ಅಳತೆ ಮುಚ್ಚಿಡುವುದು

ಗುಂಪೊಂದು ಎಷ್ಟರ ಮಟ್ಟಿಗೆ ಒಟ್ಟಾಗಿ ನಡೆಯುತ್ತಿದೆ ಎಂದು ಹೇಳಲು ಕುರಾಮೊಟೊ ಅವರ ಕ್ರಮಾಂಕವನ್ನು ಬಳಸುವುದು ರೂಢಿ. ಪ್ರತಿ ಕೋಶದ ಹಂತವನ್ನು ವೃತ್ತದ ಅಂಚಿನ ಕಡೆಗೆ ಚಾಚಿದ ಒಂದು ಬಾಣ ಎಂದುಕೊಂಡು, ಎಲ್ಲ ಬಾಣಗಳ ಸರಾಸರಿ ತೆಗೆದರೆ ಅದರ ಉದ್ದವೇ ಕ್ರಮಾಂಕ. ಎಲ್ಲ ಒಂದೇ ಕಡೆ ಚಾಚಿದ್ದರೆ 1, ಎಲ್ಲ ದಿಕ್ಕಿಗೂ ಚದುರಿದ್ದರೆ 0. ಈಗ ಇಬ್ಭಾಗವಾದ ಹ್ಯಾಮ್‌ಸ್ಟರ್‌ನ ಆದರ್ಶ ರೂಪವನ್ನು ತೆಗೆದುಕೊಳ್ಳೋಣ. ಎಡಬದಿಯ 10,000 ಕೋಶಗಳು 0 ಡಿಗ್ರಿಯಲ್ಲಿವೆ, ಬಲಬದಿಯ 10,000 ಕೋಶಗಳು 180 ಡಿಗ್ರಿಯಲ್ಲಿವೆ. ಬಾಣಗಳು ಒಂದನ್ನೊಂದು ರದ್ದು ಮಾಡುತ್ತವೆ, ಕ್ರಮಾಂಕ ಸೊನ್ನೆ. ಜೋಡಣೆಯೇ ಇಲ್ಲದ, ಪ್ರತಿ ಕೋಶವೂ ತನ್ನ ಪಾಡಿಗೆ ತಾನು ಅಲೆಯುವ ಜಾಲಕ್ಕೂ ಕ್ರಮಾಂಕ ಸೊನ್ನೆಯೇ.

ಎರಡನೆಯ ಸ್ಥಿತಿ ಕೇವಲ ಕಲ್ಪನೆಯದಲ್ಲ. 2005ರಲ್ಲಿ ಹಿದೆನೊಬು ಓಹ್ತ, ಶಿನ್ ಯಮಝಾಕಿ ಮತ್ತು ಡಗ್ಲಸ್ ಮೆಕ್‌ಮಹೋನ್ ದೀರ್ಘಕಾಲ ಬೆಳಕಿನಲ್ಲಿದ್ದು ಲಯ ಕಳೆದುಕೊಂಡ ಇಲಿಮರಿ ಗಾತ್ರದ ಮೌಸ್‌ಗಳ ಎಸ್‌ಸಿಎನ್ ಅನ್ನು ಪರೀಕ್ಷಿಸಿದಾಗ, ಒಂದೊಂದು ಕೋಶವೂ ಲಯಬದ್ಧವಾಗಿಯೇ ಇತ್ತು, ಆದರೆ ಅವುಗಳ ಹಂತಗಳು ಚದುರಿಹೋಗಿದ್ದವು. ಹೀಗೆ ಒಂದೇ ಬಗೆಯ ಬೆಳಕು ಮೌಸ್‌ನಲ್ಲಿ ಚದುರುವಿಕೆಯನ್ನೂ ಹ್ಯಾಮ್‌ಸ್ಟರ್‌ನಲ್ಲಿ ಇಬ್ಭಾಗವನ್ನೂ ತರಬಲ್ಲದು, ಮತ್ತು ರೂಢಿಯ ಅಳತೆ ಎರಡನ್ನೂ ಒಂದೇ ಸೊನ್ನೆಯಲ್ಲಿ ಮುಚ್ಚಿಬಿಡುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಎಲ್ಲ ಹಂತಗಳನ್ನೂ ಇಮ್ಮಡಿಗೊಳಿಸಿ ಮತ್ತೆ ಸರಾಸರಿ ತೆಗೆದರೆ 0 ಡಿಗ್ರಿ 0ಯಲ್ಲಿಯೇ ಉಳಿಯುತ್ತದೆ, 180 ಡಿಗ್ರಿ 360 ಆಗಿ ಅದರೊಡನೆ ಕೂಡಿಕೊಳ್ಳುತ್ತದೆ. ಇಬ್ಭಾಗವಾದ ಜಾಲಕ್ಕೆ ಉತ್ತರ 1, ಚದುರಿದ ಜಾಲಕ್ಕೆ ಮತ್ತೆ 0. ನರಜಾಲಗಳ ಸಮಲಯವನ್ನು ಕುರಿತ ಬರಹಗಳಲ್ಲಿ ಒಂದೇ ಕ್ರಮಾಂಕವನ್ನು ಕೊಟ್ಟು ಸುಮ್ಮನಾಗುವುದನ್ನು ಕಂಡಾಗಲೆಲ್ಲ ಈ ಎರಡನೆಯ ಅಂಕವನ್ನು ಏಕೆ ಕೊಡಲಿಲ್ಲ ಎಂದು ಕೇಳಬೇಕೆನಿಸುತ್ತದೆ.

ಸೀಳು ಬೀಳುವ ಜಾಗ

ಎಡ ಬಲ ಎಂಬ ಉತ್ತರವೂ ಪೂರ್ತಿಯಾದದ್ದಲ್ಲ. ಪ್ರತಿ ಬದಿಯ ಎಸ್‌ಸಿಎನ್‌ಗೆ ಕಣ್ಣಿನಿಂದ ನೇರವಾಗಿ ಬೆಳಕಿನ ಸುದ್ದಿ ಪಡೆಯುವ ತಿರುಳು ಮತ್ತು ಅದನ್ನು ಆವರಿಸಿದ ಹೊರಪದರ ಎಂಬ ಎರಡು ಭಾಗಗಳಿವೆ. 2005ರಲ್ಲಿ ಲಿಲಿ ಯಾನ್, ರೇ ಸಿಲ್ವರ್ ಮತ್ತು ಸಹೋದ್ಯೋಗಿಗಳು ಇಬ್ಭಾಗವಾದ ಹ್ಯಾಮ್‌ಸ್ಟರ್‌ಗಳಲ್ಲಿ ಒಂದೇ ಬದಿಯ ತಿರುಳು ಮತ್ತು ಹೊರಪದರಗಳೂ ಪರಸ್ಪರ ಎದುರು ಹಂತದಲ್ಲಿರುವುದನ್ನು ಕಂಡರು. ಅಂದರೆ ಎಡದ ಹೊರಪದರ ಬಲದ ತಿರುಳಿನೊಡನೆ ತಾಳ ಹಾಕುತ್ತದೆ, ಬಲದ ಹೊರಪದರ ಎಡದ ತಿರುಳಿನೊಡನೆ. ಎರಡು ಆಂದೋಲಕಗಳ ಲೆಕ್ಕ ಇಲ್ಲಿ ನಾಲ್ಕರದಾಗುತ್ತದೆ.

ಬೇರೆ ಪ್ರಾಣಿಯಲ್ಲಿ, ಬೇರೆ ಒತ್ತಡದಲ್ಲಿ, ಸೀಳು ಬೇರೆಡೆ ಬೀಳುತ್ತದೆ. ಇಲಿಗಳನ್ನು 22 ಗಂಟೆಗಳ ಕೃತಕ ದಿನದಲ್ಲಿಟ್ಟರೆ ಎಸ್‌ಸಿಎನ್‌ನ ಕೆಳಭಾಗ ಬೆಳಕನ್ನು ಅನುಸರಿಸಿ 22 ಗಂಟೆಗೆ ಸುತ್ತುತ್ತದೆ, ಮೇಲ್ಭಾಗ ಅದನ್ನು ಹಿಂಬಾಲಿಸಲಾರದೆ 24 ಗಂಟೆಗಿಂತ ಹೆಚ್ಚಿನ ತನ್ನದೇ ಅವಧಿಯಲ್ಲಿ ಸಾಗುತ್ತದೆ ಎಂದು 2004ರಲ್ಲಿ ಡೆ ಲಾ ಇಗ್ಲೇಸಿಯ ಮತ್ತು ಬಾರ್ಸಿಲೋನಾದ ಸಂಶೋಧಕರು ತೋರಿಸಿದರು. ಇಲ್ಲಿ ಪಟ್ಟೆಗಳು ನಿಜವಾಗಿಯೂ ಒಂದನ್ನೊಂದು ದಾಟುತ್ತವೆ. ಹ್ಯಾಮ್‌ಸ್ಟರ್‌ನಲ್ಲಿ ಕಾಣದ ಕಡಿತ ಯಾವುದೆಂದು ತಿಳಿಯಬೇಕಾದರೆ ಈ ಇಲಿಗಳ ಆಕ್ಟೋಗ್ರಾಮ್ ಅನ್ನು ಪಕ್ಕದಲ್ಲಿಟ್ಟು ನೋಡಬೇಕು.

ಜೋಡಣೆ ಒಂದೇ ದೇಹದೊಳಗೆ ನಿಲ್ಲಬೇಕೆಂದೂ ಇಲ್ಲ. ಎಂ. ಕೆ. ಚಂದ್ರಶೇಖರನ್ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬರುವ ಮುನ್ನ, ಮಧುರೈನಲ್ಲಿದ್ದಾಗ, ಜಿ. ಮಾರಿಮುತ್ತು ಮತ್ತು ಸಂಗಡಿಗರೊಡನೆ ಗುಹೆಯ ಬಾವಲಿಗಳ ಮೇಲೆ ಮಾಡಿದ ಕೆಲಸ ಈ ವಿಷಯದಲ್ಲಿ ನೆನೆಯಬೇಕಾದದ್ದು. ಬೆಳಕೇ ತಲುಪದ ಗುಹೆಯೊಳಗೆ ಪಂಜರದಲ್ಲಿಟ್ಟ ಬಾವಲಿ, ಸಂಜೆ ಹೊರಗೆ ಹಾರಿಹೋಗಿ ಮರಳುವ ಒಡನಾಡಿಗಳು ಸುತ್ತಲೂ ಇರುವಷ್ಟು ಕಾಲ 24 ಗಂಟೆಗೆ ಹೊಂದಿಕೊಂಡಿರುತ್ತಿತ್ತು. ಅವುಗಳಿಲ್ಲದ ಗುಹೆಯಲ್ಲಿ ತನ್ನ ಸ್ವಂತ ಅವಧಿಗೆ ಜಾರುತ್ತಿತ್ತು. 1981ರ ಈ ವರದಿಯಲ್ಲಿ ಆಂದೋಲಕ ಒಂದು ನರಕೋಶವಲ್ಲ, ಇಡೀ ಪ್ರಾಣಿ.

ಮರಳಿ ಹ್ಯಾಮ್‌ಸ್ಟರ್‌ಗೆ ಬಂದರೆ, ಇಬ್ಭಾಗವನ್ನು ತರಲು ಇನ್ನೊಂದು ದಾರಿಯೂ ಇದೆ. ಕ್ಯಾಲಿಫೋರ್ನಿಯಾದ ಮೈಕೆಲ್ ಗೋರ್ಮನ್ ಅವರು 24 ಗಂಟೆಯೊಳಗೆ ಎರಡು ಹಗಲು ಎರಡು ರಾತ್ರಿ ಬರುವಂತೆ ದೀಪಗಳನ್ನು ಹೊಂದಿಸಿ, ಪ್ರಾಣಿಯ ಓಟ ಎರಡೂ ರಾತ್ರಿಗಳಿಗೆ ಹಂಚಿಹೋಗುವಂತೆ ಮಾಡಿದರು. ಈ ವಿಧಾನದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. 2001ರಲ್ಲಿ ಇಂಥ ಪ್ರಾಣಿಗಳ ಎಸ್‌ಸಿಎನ್ ಅನ್ನು ಸೀಳಿ ನೋಡಿದಾಗ ಎಡ ಬಲಗಳ ನಡುವೆ ನಿರಂತರ ಬೆಳಕಿನ ಪ್ರಾಣಿಗಳಲ್ಲಿದ್ದ ವ್ಯತ್ಯಾಸ ಕಾಣಲಿಲ್ಲ. ಎರಡೂ ಬದಿಗಳು ಒಂದೇ ತೆರನಾಗಿದ್ದವು. ಎರಡು ವಿಧಾನಗಳ ಆಕ್ಟೋಗ್ರಾಮ್‌ಗಳನ್ನು ಅಕ್ಕಪಕ್ಕ ಇಟ್ಟರೆ ಎರಡರಲ್ಲಿಯೂ ಕಾಣುವುದು ಸುಮಾರು 12 ಗಂಟೆಗಳ ಅಂತರದಲ್ಲಿ ಇಳಿಯುವ ಎರಡೆರಡು ಪಟ್ಟೆಗಳೇ.